ಕೊನೆಯ 20 ಪುಟ ಹರಿದಿದ್ದರೆ ಕೊಲೆಗಾರ ಸಿಗುತ್ತಾನಾ?

ಸ್ಲೋಲೋಕಲ್ (ಡೊಂಬಿವಲಿ)

ಹೋದ ತಿಂಗಳು ಮುಂಬಯಿಯ ಕಿಂಗ್ಸ್ ಸರ್ಕಲ್ ಫುಟ್‌ಪಾತಿನ ಹಳೇ ಪುಸ್ತಕದ ರಾಶಿಯಲ್ಲಿ ಒಂದು ಕನ್ನಡ ಪತ್ತೇದಾರಿ ಸಿಕ್ಕಿತು. 30 ರೂಪಾಯಿ. ಮುಖಪುಟ ಇಲ್ಲ, ಹೆಸರಿಲ್ಲ, ಬರೆದವರು ಯಾರು ಅಂತಲೂ ಇಲ್ಲ. ಕಾಗದ ಹಪ್ಪಳದ ಹಾಗೆ, ಮಡಿಸಿದರೆ ಮುರಿಯುತ್ತೆ. ಮಾಟುಂಗಾದಲ್ಲಿ ಸ್ಲೋ ಲೋಕಲ್ ಟ್ರೇನ್ ಹತ್ತಿದೆ, ಘಾಟ್ಕೋಪರಿನಲ್ಲಿ ನಾಲ್ಕನೇ ಸೀಟು ಸಿಕ್ಕಿತು, ಅರ್ಧ ತೊಡೆ ಹೊರಗೆ ಇಟ್ಟುಕೊಂಡೇ ಓದಲು ಶುರು ಮಾಡಿದೆ.

ಕಥೆ ಮಲೆನಾಡಿನ ಒಂದು ಅಡಿಕೆ ತೋಟದ ಮನೆಯದು. ಮಳೆಗಾಲದ ರಾತ್ರಿ ಯಜಮಾನರು ವಿಷದಿಂದ ಸತ್ತಿದ್ದಾರೆ. ಮನೆಯಲ್ಲಿ ಅಣ್ಣನ ಮಗ ಇದ್ದಾನೆ, ಸಾಲ ಮಾಡಿಕೊಂಡವನು. ಔಷಧಿ ಬಾಟಲಿ ತಂದುಕೊಟ್ಟ ಕಂಪೌಂಡರ್ ಇದ್ದಾನೆ. ಅಡುಗೆಯ ಅತ್ತೆ ಇದ್ದಾರೆ. ಅವರು ದಿನಾ ಸಂಜೆ ಬೂದಿ ಹಾಕಿ ಲಾಟೀನಿನ ಗಾಜು ತಿಕ್ಕುವವರು. ಅವತ್ತು ಮಾತ್ರ ಜ್ವರ ಅಂತ ಮಧ್ಯಾಹ್ನವೇ ಮಲಗಿಬಿಟ್ಟಿದ್ದಾರೆ. ಬೆಳಗ್ಗೆ ಎದ್ದವರೇ ಜಗಲಿಯಲ್ಲಿದ್ದ ಲಾಟೀನು ತಿಕ್ಕಿಟ್ಟು, ಹಾಲು ಕೊಡಲು ಕೋಣೆಗೆ ಹೋದರೆ ಯಜಮಾನರು ಏಳುತ್ತಿಲ್ಲ. ಆಮೇಲೆ ಲೆಕ್ಕ ಬರೆಯುವ ಶಾನುಭೋಗರು. ಅವರು ಸಂಜೆ ನಾಲ್ಕಕ್ಕೇ ಮನೆಗೆ ಹೋದವರು, ಮರುದಿನ ಪೊಲೀಸರ ಜೊತೆಗೇ ಬಂದದ್ದು. ಎಂಥ ಒಳ್ಳೆ ಪಾತ್ರ ಅಂದರೆ, "ಮಸಿ ಹಿಡಿದ ಲಾಟೀನಿನಲ್ಲೇ ಕಣ್ಣು ಕಿರಿದು ಮಾಡಿ ಲೆಕ್ಕ ನೋಡುತ್ತಿದ್ದರಲ್ಲ ಸ್ವಾಮೀ" ಅಂತ ಇನ್ಸ್‌ಪೆಕ್ಟರ ಮುಂದೆ ಅಳುವ ಜಾಗದಲ್ಲಿ ನನಗೂ ಗಂಟಲು ಕಟ್ಟಿತು. ಪಕ್ಕದವನು ವಿಚಿತ್ರವಾಗಿ ನೋಡಿದ.

ಎರಡನೇ ದಿನ, ಮುಂಬ್ರಾ ದಾಟುವಾಗ ಪುಟ 186. ತಿರುಗಿಸಿದರೆ ರಟ್ಟು! ಯಾರೋ ಕೊನೆಯದನ್ನು ಹರಿದಿದ್ದಾರೆ. ಹೊಲಿಗೆಯಲ್ಲಿ ಉಳಿದ ಚೂರು ಎಣಿಸಿದೆ, ಹತ್ತು ಹಾಳೆ. ಅಂದರೆ 20 ಪುಟ.

ಸಿಟ್ಟು ಬಂದದ್ದು ನಿಜ. ಆದರೆ ರಾತ್ರಿ ಊಟ ಮಾಡುವಾಗ ಯೋಚಿಸುತ್ತಾ ಹೋದರೆ, ನನಗೆ ಆ 20 ಪುಟ ಬೇಕಾಗೇ ಇರಲಿಲ್ಲ. ಕೊಲೆಗಾರ ಯಾರು ಅಂತ ಗೊತ್ತಾಗಿತ್ತು. ಕಂಪೌಂಡರ್. ಬಾಟಲಿ ಅವನದ್ದು, ಸುಳ್ಳು ಹೇಳಿದ್ದು ಎರಡು ಸಲ.

ಅದೇ ವಾರ ಮಗಳು ಕೊಟ್ಟ ಒಂದು ಹೊಸ ಇಂಗ್ಲಿಷ್ ಥ್ರಿಲ್ಲರ್ ಮುಗಿಸಿದೆ. ಹೆಸರು ಬೇಡ, ಏರ್‌ಪೋರ್ಟಿನಲ್ಲಿ ಗೋಪುರ ಕಟ್ಟಿ ಇಡುವ ಜಾತಿಯದ್ದು. ಪುಟ ಎಲ್ಲಾ ಇವೆ, ಕೊನೆಯಲ್ಲಿ ಎಂಥದೋ ದೊಡ್ಡ ತಿರುವು. ಆದರೆ ಅದರ 20 ಪುಟ ಹರಿದಿದ್ದರೆ ದೇವರಾಣೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಯಾಕೆಂದರೆ ಕಥೆ ಹೇಳುವ ಹೆಂಗಸಿಗೇ ಮೊದಲಿನಿಂದ ಎಲ್ಲಾ ಗೊತ್ತು, ಅವಳು ನಮ್ಮಿಂದ ಮುಚ್ಚಿಟ್ಟಿದ್ದಾಳೆ ಅಷ್ಟೇ. 300 ಪುಟ ಅವಳ ತಲೆಯೊಳಗೇ ಕೂತಿದ್ದೀವಿ, ತಾನೇ ಮಾಡಿದ ಕೊಲೆ ಒಂದು ಸಲವೂ ಅವಳಿಗೆ ನೆನಪಾಗಲ್ಲ! ಇದು ಮೋಸ ಅಲ್ವಾ?

2012ರಲ್ಲಿ ಗಿಲಿಯನ್ ಫ್ಲಿನ್ ಅವರ 'ಗಾನ್ ಗರ್ಲ್' ಬಂದ ಮೇಲೆ ಎಲ್ಲರಿಗೂ ಈ ಹುಚ್ಚು ಹಿಡಿಯಿತು. ಆದರೆ ಅದರಲ್ಲಿ ದೊಡ್ಡ ತಿರುವು ಬರುವುದು ಪುಸ್ತಕದ ನಡುವೆ. ಅದಾದ ಮೇಲೂ ಅರ್ಧ ಪುಸ್ತಕ ಉಸಿರು ಹಿಡಿದು ಓದಿಸುತ್ತಾರೆ. ಆಮೇಲೆ ಬಂದವರು ತಿರುವನ್ನು ಮಾತ್ರ ಎತ್ತಿಕೊಂಡು ಕೊನೆಗೆ ತಳ್ಳಿದರು.

ಹಾಗಾಗಿ ನನ್ನ ಪರೀಕ್ಷೆ ಒಂದೇ. ಕೊನೆಯ 20 ಪುಟ ಹರಿದು ಹಾಕಿ. ಓದುಗನಿಗೆ ಕೊಲೆಗಾರ ಸಿಗುವ ದಾರಿ ಇದ್ದರೆ ಒಳ್ಳೆ ಪತ್ತೇದಾರಿ, ಇಲ್ಲದಿದ್ದರೆ ರದ್ದಿ. ಏನಂತೀರಿ?

ಇಡ್ಲಿಸ್ಟೀಮ್ (ಘಾಟ್ಕೋಪರ್)

ಹರಿದ ಪುಸ್ತಕ ಅಂದ ಕೂಡಲೇ ಅಪ್ಪನ ನೆನಪಾಯಿತು. ಅಪ್ಪ ಹತ್ತು ವರ್ಷದವರಿದ್ದಾಗ ಉಡುಪಿ ಕಡೆಯಿಂದ ಬಂದು ಫೋರ್ಟಿನ ಒಂದು ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದವರು. ರಾತ್ರಿ ಶಾಲೆಯಲ್ಲಿ ಕನ್ನಡ ಕಲಿತರು. ಶಟರ್ ಎಳೆದ ಮೇಲೆ ಟೇಬಲ್ ಜೋಡಿಸಿ ಅದರ ಮೇಲೇ ಮಲಗುವುದು, ಒಂದೇ ಬಲ್ಬು, ಅದರ ಕೆಳಗೆ ಎನ್. ನರಸಿಂಹಯ್ಯನವರ 'ಪತ್ತೇದಾರ ಪುರುಷೋತ್ತಮ'. ಒಂದು ಪುಸ್ತಕ, ಹನ್ನೆರಡು ಹುಡುಗರು. ಕಾಯುವ ತಾಳ್ಮೆ ಇಲ್ಲದೆ ಬೈಂಡಿಂಗ್ ಬಿಚ್ಚಿ, ಓದಿದ ಹಾಳೆಯನ್ನು ಪಕ್ಕದವನಿಗೆ ದಾಟಿಸುತ್ತಿದ್ದರಂತೆ. ಕೊನೆ ಹಾಳೆ ಕೈಗೆ ಬಂದವನೇ ರಾಜ. ಅದನ್ನು ಕೊಡಲು ಅವನು ಬನ್ ಮಸ್ಕಾ ಕೇಳುತ್ತಿದ್ದನಂತೆ.

ನರಸಿಂಹಯ್ಯನವರು ಓದಿದ್ದು ನಾಲ್ಕನೇ ಕ್ಲಾಸು, ಬರೆದದ್ದು 500ಕ್ಕೂ ಹೆಚ್ಚು ಕಾದಂಬರಿ. ನಿಮ್ಮ ಪರೀಕ್ಷೆ ಇಟ್ಟರೆ ಅವರ ಅರ್ಧ ಪುಸ್ತಕ ಫೇಲ್ ಆಗಬಹುದು ಸಾರ್. ಪುರುಷೋತ್ತಮ ವೇಷ ಹಾಕುತ್ತಾನೆ, ಹಿಂದೆ ಬೀಳುತ್ತಾನೆ, ಹಿಡಿಯುತ್ತಾನೆ. ನಾವು ಊಹಿಸಲು ಅಲ್ಲಿ ಕೂತಿಲ್ಲ, ಅವನ ಜೊತೆ ಓಡಲು ಕೂತಿದ್ದೀವಿ. ಅಪ್ಪನಂಥ ಎಷ್ಟು ಹುಡುಗರು ಓದುವ ಚಟ ಹತ್ತಿಸಿಕೊಂಡದ್ದು ಅದರಿಂದಲೇ. ಅದನ್ನು ರದ್ದಿ ಅನ್ನಬೇಡಿ, ಸಿಟ್ಟು ಬರುತ್ತೆ.

ಸ್ಲೋಲೋಕಲ್

ತಪ್ಪಾಯಿತು ಮಾರಾಯ್ರೆ. ರದ್ದಿ ಅಂದದ್ದು ಏರ್‌ಪೋರ್ಟಿನವನ್ನು. ಕನ್ನಡ ಬಾವುಟ ಮಾಡಿದ ಮ. ರಾಮಮೂರ್ತಿಯವರು ಪತ್ತೇದಾರಿ ಕಾದಂಬರಿ ಬರೆದವರು ಅನ್ನುವುದು ನನಗೂ ಗೊತ್ತು. ಆ ಸಾಲಿನವರಿಗೆಲ್ಲ ಕೈ ಮುಗಿದೇ ಮಾತಾಡುತ್ತೇನೆ.

ಬಸ್ಯಾ_ಪಿಂಪ್ರಿ

ಅಂಕಲ್, ಇಷ್ಟೆಲ್ಲ ಯಾಕ್ರಿ? ನಾನು ನೈಟ್ ಶಿಫ್ಟ್ ಮುಗಿಸಿ ಕಂಪನಿ ಬಸ್ಸಿನಲ್ಲಿ ಆಡಿಯೋಬುಕ್ ಕೇಳೋದು, ಅದೂ ಒಂದೂವರೆ ಪಟ್ಟು ಸ್ಪೀಡಿನಲ್ಲಿ. ನಿದ್ದೆ ಬರಬಾರದು, ಅಷ್ಟೇ ಬೇಕು. ಸುಳಿವು ಹುಡುಕುತ್ತಾ ಕೂರೋ ತಲೆ ಆ ಹೊತ್ತಿಗೆ ಇರಲ್ಲ. ತಿರುವು ಬಂದಾಗ ಪಕ್ಕದ ಸೀಟಿನವನು ಎಚ್ಚರ ಆಗೋ ಹಾಗೆ "ಅಯ್ಯೋ" ಅಂದರೆ ನನ್ನ ದುಡ್ಡು ವಸೂಲ್.

ಕೊತ್ರೂಡ್‌ಮಳೆ (ಪುಣೆ)

ಸ್ಲೋಲೋಕಲ್ ಅವರೆ, ನಿಮ್ಮದು ಪದಬಂಧ ಬಿಡಿಸುವವರ ದೃಷ್ಟಿ. ಉತ್ತರ ಹಿಂದಿನ ಪುಟದಲ್ಲಿ ತಲೆಕೆಳಗಾಗಿ ಇರಲೇಬೇಕು ನಿಮಗೆ.

ನಾನು ಕೇಳುತ್ತೇನೆ, ವಿವೇಕ ಶಾನಭಾಗರ 'ಘಾಚರ್ ಘೋಚರ್' ಓದಿದ್ದೀರಾ? 2013ರದ್ದು. ಪೊಲೀಸ್ ಇಲ್ಲ, ಹೆಣ ಇಲ್ಲ. ಒಂದು ಕಾಫಿ ಹೌಸ್, ಒಂದು ಕುಟುಂಬ, ಕೆಳಮಟ್ಟದಿಂದ ದಿಢೀರ್ ದುಡ್ಡು ಕಂಡವರು. ಮನೆಯವರು ಇರುವೆ ಕೊಲ್ಲುವ ರೀತಿಯನ್ನು ಅದೆಷ್ಟು ಮಾಮೂಲಾಗಿ ಬರೆದಿದ್ದಾರೆ ಅಂದರೆ, ಕೊನೆಗೆ ಊರಿಂದ ಬರಬೇಕಾದ ಹೆಂಡತಿ ಬಂದಿಲ್ಲ ಅನ್ನುವಾಗ ನನ್ನ ಕೈ ತಣ್ಣಗಾಯಿತು. ಏನಾಯಿತು ಅಂತ ಯಾರೂ ಹೇಳುವುದಿಲ್ಲ. ಅಲ್ಲಿ ಲೇಖಕರೇ ಕೊನೆಯ 20 ಪುಟ ಹರಿದುಕೊಂಡು ಹೋಗಿದ್ದಾರೆ! ಅದಕ್ಕೇ ಅದು ಭಯ ಹುಟ್ಟಿಸುವುದು.

ಮತ್ತೆ ನಿಮ್ಮ ಮುಂಬಯಿಯದ್ದೇ ಹೇಳುವುದಾದರೆ ಯಶವಂತ ಚಿತ್ತಾಲರ 'ಶಿಕಾರಿ', 1979. ತನ್ನ ಮೇಲೆ ಏನು ಆರೋಪ ಅಂತಲೇ ತಿಳಿಯದೆ ನಾಗಪ್ಪ ಒದ್ದಾಡುತ್ತಾನೆ. ಆಫೀಸಿನ ಒಂದು ಕಾಗದ, ಒಂದು ಫೋನ್, ಯಾರದೋ ನಗು. ಚಾಕು ತೋರಿಸುವ ಹತ್ತು ಪುಸ್ತಕಕ್ಕಿಂತ ಅದು ಜಾಸ್ತಿ ಹೆದರಿಸುತ್ತೆ. ಸಾಹಿತ್ಯದ ಕಪಾಟಿನಲ್ಲಿ ಇಟ್ಟಿದ್ದೀವಿ ಅಂತ ಅದು ಥ್ರಿಲ್ಲರ್ ಅಲ್ಲ ಅನ್ನುವುದು ಯಾವ ನ್ಯಾಯ?

ನನ್ನತ್ತೆ ಇವತ್ತಿಗೂ ದೀಪ ಹಚ್ಚಿದ ಮೇಲೆ ಬೆಲ್ ಆದರೆ ಮೊದಲು ಕಿಟಕಿಯಿಂದ ನೋಡುತ್ತಾರೆ. 1976ರ ಜನವರಿಯಿಂದ 1977ರ ಮಾರ್ಚ್ ತನಕ ಈ ಊರಲ್ಲಿ ಹತ್ತು ಕೊಲೆ ಆದವು, ಜೋಶಿ-ಅಭ್ಯಂಕರ್ ಪ್ರಕರಣ ಅನ್ನುತ್ತಾರೆ. ಮಾಡಿದವರು ಚಿತ್ರಕಲೆ ಕಾಲೇಜಿನ ನಾಲ್ಕು ಹುಡುಗರು. 1983ರಲ್ಲಿ ಯೆರವಡಾದಲ್ಲಿ ಗಲ್ಲಾಯಿತು. ಅತ್ತೆಗೆ ಕೊಲೆಗಾರರು ಯಾರು ಅಂತ 40 ವರ್ಷದಿಂದ ಗೊತ್ತು. ಆದರೂ ಕಿಟಕಿ ನೋಡುವುದು ನಿಂತಿಲ್ಲ. ಉತ್ತರ ಸಿಕ್ಕ ಮೇಲೂ ಉಳಿಯುವ ಆ ಭಯವನ್ನು ಬರೆಯುವವರು ಬೇಕು ನನಗೆ.

ಸ್ಲೋಲೋಕಲ್

ಅಕ್ಕ, ಇದಕ್ಕೆ ತಕ್ಷಣ ಉತ್ತರ ಕೊಡಲು ಆಗುತ್ತಿಲ್ಲ. ಆದರೆ ಶಾನಭಾಗರು ಇರುವೆ ತೋರಿಸಿಯೇ ಇಟ್ಟಿದ್ದಾರೆ ನೋಡಿ. ಸುಳಿವು ನಮ್ಮ ಕೈಗೆ ಕೊಟ್ಟಾಗಿದೆ. ನನ್ನ ಪರೀಕ್ಷೆಯಲ್ಲಿ ಅದು ಪಾಸ್.

ಕೊತ್ರೂಡ್‌ಮಳೆ

ಜಾಣರು. ವಕೀಲರಾಗಬೇಕಿತ್ತು ನೀವು.

ಶಿರಸ್ತೇದಾರ (ಮುಲುಂಡ್)

ವಕೀಲರ ಮಾತು ಬಂತಲ್ಲ, ನಾನೂ ಎರಡು ಮಾತು ಸೇರಿಸುತ್ತೇನೆ. 34 ವರ್ಷ ಕೋರ್ಟಿನಲ್ಲಿ ಫೈಲು ಹೊತ್ತವನು. ಥ್ರಿಲ್ಲರ್ ಓದುವಾಗ ನನಗೆ ಕೊನೆಯ 20 ಪುಟ ಹರಿದಿದ್ದರೇ ಒಳ್ಳೆಯದು ಅನ್ನಿಸುತ್ತೆ, ಏಕೆಂದರೆ ಅಲ್ಲೇ ಎಲ್ಲರೂ ಹಾಳು ಮಾಡುವುದು.

ಏನಾಗುತ್ತೆ? ಇನ್ಸ್‌ಪೆಕ್ಟರ್ ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿ ಕಥೆ ಬಿಚ್ಚುತ್ತಾನೆ. ಅಪರಾಧಿ ಬೆವರುತ್ತಾನೆ, "ಹೌದು, ನಾನೇ ಕೊಂದೆ" ಅಂತ ಕಿರುಚುತ್ತಾನೆ. ಶುಭಂ. ಅಯ್ಯಾ, ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ನಮ್ಮಲ್ಲಿ ಸಾಕ್ಷಿಯೇ ಅಲ್ಲ! 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ. 2024ರ ಜುಲೈ 1ರಿಂದ ಹೊಸ ಕಾಯ್ದೆ ಬಂತು, ಅಲ್ಲೂ ಅದೇ ಮಾತು, 23ನೇ ಕಲಂ. ಮ್ಯಾಜಿಸ್ಟ್ರೇಟರ ಮುಂದೆ, ಯೋಚಿಸಲು ಸಮಯ ಕೊಟ್ಟು, ಒತ್ತಾಯ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಬರೆಸಿಕೊಂಡರೆ ಮಾತ್ರ ಬೆಲೆ. ಪೊಲೀಸರಿಗೆ ಹೇಳಿದ್ದರಲ್ಲಿ ನಿಲ್ಲುವುದು ಒಂದೇ. ಅವನು ಹೇಳಿದ ಜಾಗದಲ್ಲಿ ಹೊಸದಾಗಿ ವಸ್ತು ಸಿಕ್ಕಿದರೆ, ಆ ವಸ್ತುವಿಗೆ ನೇರ ಸಂಬಂಧಪಟ್ಟಷ್ಟು ಮಾತು. ಅದಕ್ಕೇ ಪೊಲೀಸರು "ತೋರಿಸುತ್ತೇನೆ ಬನ್ನಿ ಅಂದ" ಅಂತ ಮಹಜರು ಮಾಡುವುದು. ಇಲ್ಲಿ ಪಂಚನಾಮೆ ಅನ್ನುತ್ತಾರೆ. ಇಬ್ಬರು ಪಂಚರು, ಅಂದರೆ ನೋಡಿ ಸಹಿ ಹಾಕುವ ಸಾಕ್ಷಿಗಳು, ಬೇಕು. ಆ ಪಂಚರು ಆರು ವರ್ಷ ಆದ ಮೇಲೆ ಕಟಕಟೆಗೆ ಬಂದು "ನನಗೆ ಏನೂ ನೆನಪಿಲ್ಲ, ಸಹಿ ನನ್ನದೇ" ಅನ್ನುತ್ತಾರೆ. ನನ್ನ ಪ್ರಕಾರ ನಿಜವಾದ ಸಸ್ಪೆನ್ಸ್ ಅಲ್ಲಿದೆ. ಯಾರಾದರೂ ಪಂಚನನ್ನೇ ನಾಯಕನನ್ನಾಗಿ ಮಾಡಿ ಕಾದಂಬರಿ ಬರೆಯಿರಿ, ಮೊದಲ ಪ್ರತಿ ನನಗೆ.

ಸುಳಿವು ಅಂದರೆ ಹೇಗಿರಬೇಕು ಅನ್ನುವುದಕ್ಕೆ ನಮ್ಮ ಮುಂಬಯಿಯದೇ ಉದಾಹರಣೆ, ನಾನಾವತಿ ಪ್ರಕರಣ, 1959. ನೌಕಾಪಡೆಯ ಅಧಿಕಾರಿ ತನ್ನ ಹೆಂಡತಿಯ ಸ್ನೇಹಿತ ಪ್ರೇಮ್ ಅಹುಜಾಗೆ ಅವನ ಬೆಡ್‌ರೂಮಿನಲ್ಲೇ ಗುಂಡು ಹೊಡೆದ. ಹೊಡೆದಾಟದಲ್ಲಿ ಗುಂಡು ಹಾರಿತು ಅಂತ ಅವನ ಕಡೆಯ ವಾದ. ಆದರೆ ಅಹುಜಾ ಸ್ನಾನ ಮಾಡಿ ಬಂದವನು, ಸೊಂಟಕ್ಕೆ ಟವೆಲ್ ಮಾತ್ರ. ಮೂರು ಗುಂಡು ಬಿದ್ದು ಸತ್ತರೂ ಟವೆಲ್ ಬಿಚ್ಚಿರಲಿಲ್ಲ. ಹೊಡೆದಾಟ ಆಗಿದ್ದರೆ ಟವೆಲ್ ನಿಲ್ಲುತ್ತಾ? ಜ್ಯೂರಿ 8-1ರಲ್ಲಿ ನಿರಪರಾಧಿ ಅಂದರೂ ಹೈಕೋರ್ಟ್ ಒಪ್ಪಲಿಲ್ಲ, ಜೀವಾವಧಿ ಕೊಟ್ಟಿತು, 1961ರಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿಯಿತು. ಆ ಟವೆಲ್ ನೋಡಿ. ಎಲ್ಲರ ಕಣ್ಣ ಮುಂದೆ ಇದೆ, ಆದರೂ ಯೋಚಿಸಿದವನಿಗೆ ಮಾತ್ರ ಕಾಣುತ್ತೆ.

ಇಡ್ಲಿಸ್ಟೀಮ್

ರಾಯರೆ, ಟವೆಲ್ ವಿಷಯ ಅಪ್ಪನೂ ಹೇಳುತ್ತಿದ್ದರು. ಆಗ ಬೀದಿಯಲ್ಲಿ ಅಹುಜಾ ಟವೆಲ್, ನಾನಾವತಿ ಪಿಸ್ತೂಲ್ ಅಂತ ಕೂಗಿ ಮಾರುತ್ತಿದ್ದರಂತೆ!

ಮಾತ್ರೆಡಬ್ಬಿ (ಚಿಂಚವಾಡ)

ನಾನು ಮೆಡಿಕಲ್ ಶಾಪಿನವಳು. ನನ್ನ ದೂರು ಕ್ಲೋರೋಫಾರ್ಮ್ ಬಗ್ಗೆ. ಕರವಸ್ತ್ರಕ್ಕೆ ಎರಡು ಹನಿ, ಮೂಗಿಗೆ ಒತ್ತಿದರು, ಮೂರು ಸೆಕೆಂಡಿನಲ್ಲಿ ನಾಯಕಿ ಕುಸಿದಳು. ಸುಳ್ಳು! ಪ್ರಜ್ಞೆ ತಪ್ಪಲು ಎಷ್ಟೋ ನಿಮಿಷ ಒತ್ತಿ ಹಿಡಿಯಬೇಕು. ಅಷ್ಟರಲ್ಲಿ ಅವಳು ಬೆರಳು ಕಚ್ಚಿ, ಇಡೀ ಸೊಸೈಟಿ ಎಬ್ಬಿಸಿರುತ್ತಾಳೆ.

ವಿಷದ ಬಗ್ಗೆ ನೆಟ್ಟಗೆ ಬರೆದವರು ಅಗಾಥಾ ಕ್ರಿಸ್ಟಿ ಒಬ್ಬರೇ ಅಂದರೂ ತಪ್ಪಿಲ್ಲ. ಮೊದಲ ಮಹಾಯುದ್ಧದಲ್ಲಿ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸ ಮಾಡಿ, ಪರೀಕ್ಷೆ ಕಟ್ಟಿ ಪಾಸಾದವರು. ಅವರ ಮೊದಲ ಕಾದಂಬರಿಯನ್ನು ಔಷಧಿ ತಜ್ಞರ ಪತ್ರಿಕೆಯೇ ಹೊಗಳಿತ್ತು. 1977ರಲ್ಲಿ ಲಂಡನ್ನಿನ ಆಸ್ಪತ್ರೆಗೆ ಕತಾರ್‌ನಿಂದ ಒಂದು ಹಸುಗೂಸು ಬಂತು, ಡಾಕ್ಟರುಗಳಿಗೆ ಕಾಯಿಲೆ ಗೊತ್ತಾಗುತ್ತಿಲ್ಲ. ಕ್ರಿಸ್ಟಿಯ ಒಂದು ಕಾದಂಬರಿ ಓದುತ್ತಿದ್ದ ನರ್ಸ್, "ಇದು ಥ್ಯಾಲಿಯಂ ವಿಷ ಇರಬಹುದು" ಅಂದಳು. ಹೌದಾಗಿತ್ತು. ಮಗು ಉಳಿಯಿತು. ಯಾವ ಕಾದಂಬರಿ ಅಂತ ಹೇಳಲ್ಲ, ಹೇಳಿದರೆ ವಿಷದ ಹೆಸರು ಹೇಳಿದ್ದಕ್ಕೆ ಬೈತೀರಿ.

ಆ ನರ್ಸ್ ವಿಷ ಹಿಡಿದದ್ದು ಕೊನೇ ಪುಟದ ತಿರುವಿನಿಂದ ಅಲ್ಲ, ಲಕ್ಷಣದಿಂದ. ಕೂದಲು ಉದುರುವುದನ್ನು ಲೇಖಕಿ ಸರಿಯಾಗಿ ಬರೆದಿದ್ದರು. ಸ್ಲೋಲೋಕಲ್ ಅವರ ಪಕ್ಷಕ್ಕೆ ನನ್ನ ಓಟು.

ಬಸ್ಯಾ_ಪಿಂಪ್ರಿ

ಕ್ರಿಸ್ಟಿದು ನಾನೂ ಕೇಳಿದ್ದೀನಿ ಮೇಡಂ, ರೋಜರ್ ಆಕ್ರಾಯ್ಡ್ ಸಾಯೋದು. ಅದ್ರಲ್ಲಿ ಕೊಲೆಗಾರ ಯಾರು ಅಂದ್ರೆ

ಕೊತ್ರೂಡ್‌ಮಳೆ

ನಿಲ್ಲಿಸಿ!! ನಾನು ಇನ್ನೂ ಓದಿಲ್ಲ.

ಬಸ್ಯಾ_ಪಿಂಪ್ರಿ

ಅದು 1926ರ ಪುಸ್ತಕ ಅಕ್ಕ. ಇನ್ನೂ ಎಷ್ಟು ವರ್ಷ ಬಾಯಿ ಮುಚ್ಕೊಂಡು ಇರಬೇಕು ನಾವು?

ಕೊತ್ರೂಡ್‌ಮಳೆ

ನಾನು ಓದುವ ತನಕ.

ಸ್ಲೋಲೋಕಲ್

ಹೆಸರು ಹೇಳದೇ ಒಂದು ಮಾತು. ಆ ಪುಸ್ತಕ ಬಂದಾಗ ಓದುಗರು ಇದೇ ಜಗಳ ಮಾಡಿದ್ದರು, ಮೋಸ ಅಂತ ಕೆಲವರು, ಎಲ್ಲಾ ಕಣ್ಣೆದುರೇ ಇತ್ತು ಅಂತ ಕೆಲವರು. 1929ರಲ್ಲಿ ರೊನಾಲ್ಡ್ ನಾಕ್ಸ್ ಅನ್ನುವ ಪಾದ್ರಿ ಪತ್ತೇದಾರಿಗೆ ಹತ್ತು ಕಟ್ಟಳೆಯನ್ನೇ ಬರೆದ. ಗುಪ್ತ ದಾರಿ ಒಂದಕ್ಕಿಂತ ಜಾಸ್ತಿ ಇರಬಾರದು, ಯಾರಿಗೂ ಗೊತ್ತಿಲ್ಲದ ವಿಷ ಬಳಸಬಾರದು, ಮೊದಲೇ ಸೂಚನೆ ಕೊಡದೆ ಅವಳಿ ಜವಳಿ ತರಬಾರದು ಅಂತೆಲ್ಲ. ಕೊನೆಯದನ್ನು ನಮ್ಮ ಸಿನಿಮಾದವರು ಯಾರೂ ಓದಿದಂತಿಲ್ಲ. ಆಕ್ರಾಯ್ಡ್ ನಾನು ಎರಡನೇ ಸಲ ಓದಿದೆ. ಒಂದು ಸುಳ್ಳು ವಾಕ್ಯ ಸಿಗಲಿಲ್ಲ. ಏರ್‌ಪೋರ್ಟಿನ ಗೋಪುರವನ್ನು ಎರಡನೇ ಸಲ ಓದಿ ನೋಡಿ, ಮೂರನೇ ಪುಟದಲ್ಲೇ ಸಿಕ್ಕಿಬೀಳುತ್ತೆ.

ಬೈನಾಬೋಟ್ (ವಾಸ್ಕೋ)

ತಡವಾಗಿ ಬಂದೆ, ಇಲ್ಲಿ ನಾಲ್ಕು ದಿನದಿಂದ ಮಳೆ, ಕರೆಂಟ್ ಇಲ್ಲ.

ನನಗೆ ಸಿಟ್ಟು ಬರುವುದು ತಿರುವಿಗಲ್ಲ, ಜಾಗಕ್ಕೆ. ಗೋವಾ ಅಂದರೆ ಥ್ರಿಲ್ಲರ್ ಬರೆಯುವವರಿಗೆ ಬೀಚು, ಡ್ರಗ್ಸ್, ರಷ್ಯನ್ನರು. ನಾವು ವಾಸ್ಕೋದಲ್ಲಿ ಇಷ್ಟು ಕನ್ನಡದವರು ಇದ್ದೀವಿ, ಬಂದರಿನಲ್ಲಿ ದುಡಿದೀವಿ, ಒಂದು ಕಾದಂಬರಿಯಲ್ಲೂ ನಮ್ಮ ಹೆಣವೂ ಬೀಳಲ್ಲ, ಕೊಲೆಗಾರರೂ ಆಗಲ್ಲ! 2012ರಲ್ಲಿ ಗಣಿ ನಿಂತಾಗ ಲಾರಿ, ಬಾರ್ಜು ಎಲ್ಲಾ ತುಕ್ಕು ಹಿಡಿಯುತ್ತಾ ನಿಂತವು, ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಕೊಲೆಗೆ ಅದಕ್ಕಿಂತ ಕಾರಣ ಬೇಕಾ? ಜೂನ್ ಬಂದರೆ ಬೀಚಿನ ಶ್ಯಾಕುಗಳನ್ನೆಲ್ಲ (ತಾತ್ಕಾಲಿಕ ಹೋಟೆಲುಗಳು) ಬಿಚ್ಚಿಡುತ್ತಾರೆ, ಬರೀ ಕಂಬದ ಗುಂಡಿ ಉಳಿದಿರುತ್ತೆ. ಆ ಖಾಲಿ ದಂಡೆಯಲ್ಲಿ ಕಥೆ ಶುರು ಮಾಡಿದವರು ನನ್ನ ಕಣ್ಣಿಗೆ ಬಿದ್ದಿಲ್ಲ.

ಇನ್ನೊಂದು. "ಮುದುಕ ಉಯಿಲು ಬದಲಿಸಿ ಎಲ್ಲಾ ಆಸ್ತಿ ನರ್ಸಿಗೆ ಬರೆದ, ಅದಕ್ಕೇ ಮಗ ಕೊಂದ" ಅಂತ ಗೋವಾದ ಬಂಗಲೆಯಲ್ಲಿ ಕಥೆ ಕಟ್ಟುತ್ತಾರೆ. ಇಲ್ಲಿ ಪೋರ್ಚುಗೀಸರ ಕಾಲದ ಕಾನೂನಿನ ಪದ್ಧತಿ ಇವತ್ತಿಗೂ ಇದೆ. ಬೇರೆ ಕರಾರು ಇಲ್ಲದಿದ್ದರೆ ಗಂಡ ಹೆಂಡತಿಗೆ ಆಸ್ತಿ ಅರ್ಧರ್ಧ. ಅವನ ಪಾಲಿನಲ್ಲೂ ಅರ್ಧ ಮಕ್ಕಳದ್ದು, ಉಯಿಲು ಬರೆದು ಅದನ್ನು ತಪ್ಪಿಸಲು ಆಗಲ್ಲ. ಸುಮ್ನೆ ಒಬ್ಬ ನೋಟರಿಯನ್ನು ಕೇಳಿದ್ದರೆ ಕಥೆಯೇ ಬೇರೆ ಆಗುತ್ತಿತ್ತು.

ಆದರೆ ಊರು ನೋಡಿಯೇ ಬರೆಯಬೇಕು ಅಂತಲೂ ನಾನು ಹೇಳಲ್ಲ. ಎಚ್.ಆರ್.ಎಫ್. ಕೀಟಿಂಗ್ ಅನ್ನುವ ಇಂಗ್ಲಿಷಿನವರು 1964ರಲ್ಲಿ ಬಾಂಬೆಯ ಇನ್ಸ್‌ಪೆಕ್ಟರ್ ಘೋಟೆಯನ್ನು ಹುಟ್ಟಿಸಿದರು, ಇಂಡಿಯಾಕ್ಕೆ ಕಾಲಿಟ್ಟದ್ದು ಸುಮಾರು ಹತ್ತು ವರ್ಷ ಆದ ಮೇಲೆ. ಆದರೂ ಮೇಲಿನವರಿಗೆ ಹೆದರುವ, ಮನೆಗೆ ತಡವಾಗಿ ಹೋಗಿ ಮುಜುಗರಪಡುವ ಆ ಘೋಟೆ ನಿಜವಾದ ಮನುಷ್ಯ.

ಅದಿರಲಿ, ಸ್ಲೋಲೋಕಲ್ ಅವರೆ, ನಿಮ್ಮ ಹರಿದ ಪುಸ್ತಕ. ಅಡಿಕೆ ತೋಟ, ಶಾನುಭೋಗರು, ಜ್ವರ ಬಂದ ಅತ್ತೆ. ಅಮ್ಮನ ಟ್ರಂಕಿನಲ್ಲಿ ಅದು ಇದೆ ಅನ್ನಿಸುತ್ತೆ. ಮುಖಪುಟ ನಮ್ಮದರಲ್ಲೂ ಇಲ್ಲ, ಗೆದ್ದಲು. ಕೊನೆ ಇದೆ. ನಾಳೆ ತೆಗೆದು ನೋಡುತ್ತೇನೆ.

ಸ್ಲೋಲೋಕಲ್

ಹೌದಾ! ನೋಡಿ, ನೋಡಿ. ಕಂಪೌಂಡರೇ ಅಂತ ಬರೆದಿಟ್ಟುಕೊಂಡಿದ್ದೇನೆ, ಹೆಂಡತಿಯ ಮುಂದೆ ಪಂಥವೂ ಆಗಿದೆ. ಗೆದ್ದರೆ ಭಾನುವಾರ ಮಾಟುಂಗಾದಲ್ಲಿ ನೀರು ದೋಸೆ.

ಬೈನಾಬೋಟ್

ಟ್ರಂಕು ತೆಗೆದೆ. ಅದೇ ಪುಸ್ತಕ. ರಾತ್ರಿ ಮೇಣದ ಬತ್ತಿಯಲ್ಲಿ ಓದಿ ಮುಗಿಸಿದೆ.

ಕಂಪೌಂಡರ್ ಅಲ್ಲ.

ಸ್ಲೋಲೋಕಲ್

ಏನು? ಎರಡು ಸಲ ಸುಳ್ಳು ಹೇಳಿದ್ದನಲ್ಲ?

ಬೈನಾಬೋಟ್

ಹೇಳಿದ, ಬೇರೆ ಕಾರಣಕ್ಕೆ. ಆಸ್ಪತ್ರೆಯ ಸ್ಪಿರಿಟ್ ಕದ್ದು ಮಾರುತ್ತಿದ್ದ. ಕೊನೆ ಪುಟದ ಫೋಟೋ ಕಳಿಸಲಾ?

ಶಿರಸ್ತೇದಾರ

ಕಳಿಸಬೇಡಿ. ಸ್ಲೋಲೋಕಲ್ ಅವರೆ, ನೀವು ಮೊದಲ ದಿನ ಬರೆದದ್ದನ್ನು ನೀವೇ ಇನ್ನೊಮ್ಮೆ ಓದಿ. ನಾನು ಪುಸ್ತಕ ನೋಡಿಲ್ಲ, ನಿಮ್ಮ ಹೇಳಿಕೆ ಓದಿಯೇ ನನಗೆ ಒಬ್ಬರ ಮೇಲೆ ಅನುಮಾನ ಇತ್ತು. ಆ ಮನೆಯಲ್ಲಿ ಲಾಟೀನಿನ ಗಾಜು ದಿನಾ ತಿಕ್ಕುತ್ತಿದ್ದರು ಅಂದಿರಿ. ತಿಕ್ಕದೇ ಇದ್ದದ್ದು ಒಂದೇ ರಾತ್ರಿ.

ಮಾತ್ರೆಡಬ್ಬಿ

ಅಯ್ಯಯ್ಯೋ.

ಕೊತ್ರೂಡ್‌ಮಳೆ

ಪೊಲೀಸರು ಬರುವ ಮೊದಲೇ ಅತ್ತೆ ತಿಕ್ಕಿಟ್ಟಿದ್ದರು. ಹೌದಲ್ಲ!

ಬೈನಾಬೋಟ್

ಯಜಮಾನರ ಕೋಣೆಯ ಲಾಟೀನು ಜಗಲಿಗೆ ಹೇಗೆ ಬಂತು ಅನ್ನುವುದನ್ನೂ ಯೋಚಿಸಿ. ಪುಟ 41, ಆಮೇಲೆ ಪುಟ 118.

ಸ್ಲೋಲೋಕಲ್

ಟ್ರೇನಿನಲ್ಲಿದ್ದೇನೆ, ಪುಸ್ತಕ ಬ್ಯಾಗಿನಲ್ಲೇ ಇತ್ತು. ಪುಟ 118ರಲ್ಲಿ ಅವರು ಅಳುವ ಸಾಲಿನ ಪಕ್ಕ ನಾನೇ ಪೆನ್ಸಿಲಿನಲ್ಲಿ "ಪಾಪ" ಅಂತ ಬರೆದಿದ್ದೇನೆ.

ನಾಲ್ಕು ಗಂಟೆಗೆ ಮನೆಗೆ ಹೋದ ಮುದುಕನಿಗೆ ಮಸಿ ಹೇಗೆ ಕಂಡಿತು, ಥೂ.

ಇಡ್ಲಿಸ್ಟೀಮ್

ದೋಸೆ ಎಷ್ಟು ಗಂಟೆಗೆ? ಅತ್ತಿಗೆಗೆ ಹೇಳಿ, ನಾನೂ ಬರುತ್ತೇನೆ.